ಸಮುದ್ರದಡಿಯ ಮಂಗಳೂರು ಹೆಂಚು

ಹಲಸೂರು, ಇಂದಿರಾನಗರ, ಕಾಕ್ಸ್ ಟೌನ್ ಕಡೆಯ ಹುಡುಗ ಹುಡುಗಿಯರಿಗೆ ಈಚೆಗೆ ಸಮುದ್ರದ ಗೀಳು ಹತ್ತಿದೆ. ಶನಿವಾರ ಬೆಳಗಾದರೆ ಯಾವುದಾದರೊಂದು ಈಜುಕೊಳದಲ್ಲಿ ನಾಲ್ಕೈದು ಜನ ಬೆನ್ನಿಗೆ ಗಾಳಿಯ ಸಿಲಿಂಡರ್, ಸೊಂಟಕ್ಕೆ ಸೀಸದ ತೂಕ, ಕಾಲಿಗೆ ಉದ್ದನೆಯ ಫಿನ್ ಕಟ್ಟಿಕೊಂಡು ನೀರಿನ ತಳದಲ್ಲಿ ಮಂಡಿಯೂರಿ ಕೂತಿರುತ್ತಾರೆ. ಮಾಸ್ಕಿನೊಳಗೆ ಬೇಕೆಂದೇ ನೀರು ಬಿಟ್ಟುಕೊಂಡು ಮೂಗಿನಿಂದ ಊದಿ ಹೊರಹಾಕುವುದು, ಬಾಯಿಂದ ಜಾರಿಸಿದ ರೆಗ್ಯುಲೇಟರನ್ನು ಹೆಗಲ ಹಿಂದೆ ತಡಕಿ ಹಿಡಿಯುವುದು, ಗಾಳಿ ಮುಗಿದವನಂತೆ ಸನ್ನೆ ಮಾಡುವ ಜೊತೆಗಾರನಿಗೆ ತನ್ನ ಎರಡನೆಯ ನಳಿಕೆ ಚಾಚುವುದು, ಇವೇ ಅಲ್ಲಿನ ಪಾಠ. ಪಾಠ ಪಕ್ಕಾ ಆದಮೇಲೆ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ಮುರುಡೇಶ್ವರದ ರೈಲು ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗುತ್ತಾರೆ, ಇಲ್ಲವೇ ಗೋವಾಕ್ಕೆ, ಪುದುಚೇರಿಗೆ. ಕಡಲಿಗಿಂತ ಒಂಬೈನೂರು ಮೀಟರ್ ಮೇಲೆ ಕೂತ ಊರಿನಿಂದ ಮಕ್ಕಳು ಹೀಗೆ ಕಡಲ ತಳ ನೋಡಲು ಹೊರಡುವುದು ನನಗೆ ಬಹಳ ಖುಷಿ ಕೊಡುವ ಸಂಗತಿ. ಇವರು ಸಿಕ್ಕರೆ ಸಾಕು, ನಾನು ಮಾತಿಗೆ ಕೂರುತ್ತೇನೆ.

ನೀರಿನ ಅಭ್ಯಾಸ ನಮ್ಮ ಕಡೆಗೆ ಹೊಸದೇನಲ್ಲ. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ 1834ರಲ್ಲಿ ಬೆಂಗಳೂರಿಗೆ ಬಂದು ನೆಲೆ ನಿಂತವರು. ಹಲಸೂರು ಕೆರೆಯ ಒಂದು ದಂಡೆ ಇಂದಿಗೂ ಅವರ ಕೇಂದ್ರಕ್ಕೆ ತಾಗಿಕೊಂಡೇ ಇದೆ. ಯುದ್ಧಕಾಲದಲ್ಲಿ ಹೊಳೆಗೆ ಸೇತುವೆ ಹಾಕಬೇಕಾದ ಸೈನಿಕರಿಗೆ ನೀರಿನ ಸ್ವಭಾವ ಗೊತ್ತಿರಲೇಬೇಕು. ದೋಣಿಯ ತರಬೇತಿ ಆ ಕೆರೆಯಲ್ಲೇ ನಡೆದುಕೊಂಡು ಬಂದಿದೆ. ಹಾಗಾದರೆ ಡೈವಿಂಗನ್ನೂ ಕೆರೆಯಲ್ಲೇ ಕಲಿಸಬಹುದಲ್ಲ ಎಂದು ಕೇಳುವವರುಂಟು. 2016ರ ಮಾರ್ಚ್‌ನಲ್ಲಿ ಆ ಕೆರೆಯ ಮೀನುಗಳು ಸಾವಿರಗಟ್ಟಲೆ ಸತ್ತು ತೇಲಿದ್ದನ್ನು ಕಂಡವರು ಆ ಪ್ರಶ್ನೆ ಕೇಳಲಾರರು. ಕೊಳಚೆ ಸೇರಿದ ನೀರಿನಲ್ಲಿ ಕರಗಿದ ಆಮ್ಲಜನಕ ತೀರಿಹೋದರೆ ಮೀನಿಗೂ ಉಸಿರಿಲ್ಲ. ನೀರಿನೊಳಗೆ ಉಸಿರಾಡಿ ಬಂದವರಿಗೆ ಅಂಥ ಸುದ್ದಿ ಪತ್ರಿಕೆಯ ಒಂದು ಮೂಲೆಯ ಸುದ್ದಿಯಾಗಿ ಉಳಿಯುವುದಿಲ್ಲ. ನಮ್ಮ ಬೆನ್ನಿನ ಮೇಲೆ ಗಾಳಿಯ ಸಿಲಿಂಡರ್ ಇತ್ತು, ಅವಕ್ಕಿರಲಿಲ್ಲ ಎಂಬ ಯೋಚನೆ ಬಂದೇ ಬರುತ್ತದೆ.

ಈ ಹುಡುಗರಿಗೆಲ್ಲ ಒಂದು ಆಸೆ ಇದ್ದೇ ಇರುತ್ತದೆ: ಮುಳುಗಿದ ಹಡಗು ನೋಡಬೇಕು. ಅದೂ ಆಳದಲ್ಲಿರಬೇಕು. ಮೂವತ್ತು ಮೀಟರ್, ನಲವತ್ತು ಮೀಟರ್ ಎಂದರೆ ಕಣ್ಣು ಹೊಳೆಯುತ್ತದೆ. ಆರೋ ಎಂಟೋ ಮೀಟರ್ ನೀರಿನಲ್ಲಿ ಬಿದ್ದಿರುವ ಹಡಗೆಂದರೆ ಅದೇನು ಮಹಾ ಎಂಬ ಮುಖ. ಇಲ್ಲಿ ನನ್ನದು ಅವರಿಗೆ ಪೂರ್ತಿ ವಿರುದ್ಧವಾದ ಅಭಿಪ್ರಾಯ. ಹಡಗು ನೋಡುವುದಾದರೆ ಆಳವಿಲ್ಲದ ನೀರಿನಲ್ಲೇ ನೋಡಬೇಕು.

ಮೊದಲನೆಯದಾಗಿ ಬೆಳಕು. ನೀರು ಬಣ್ಣಗಳನ್ನು ಒಂದೊಂದಾಗಿ ನುಂಗುತ್ತದೆ, ಅದರಲ್ಲೂ ಕೆಂಪನ್ನು ಎಲ್ಲಕ್ಕಿಂತ ಮುಂಚೆ. ಹತ್ತು ಮೀಟರ್ ದಾಟುವಷ್ಟರಲ್ಲಿ ತುಕ್ಕು ಹಿಡಿದ ಕಬ್ಬಿಣ, ಸುಟ್ಟ ಮಣ್ಣು, ಕೆಂಪು ಮೀನು ಎಲ್ಲವೂ ಬೂದುನೀಲಿ. ಐದಾರು ಮೀಟರಿನಲ್ಲಿ ಕೆಂಪು ಇನ್ನೂ ಸ್ವಲ್ಪ ಕೆಂಪಾಗಿಯೇ ಕಾಣುತ್ತದೆ. ಎರಡನೆಯದು ಸಮಯ. ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಮೂವತ್ತು ಮೀಟರಿನಲ್ಲಿ ಒಂದೊಂದು ಉಸಿರಿಗೂ ಮೇಲಿನದಕ್ಕಿಂತ ನಾಲ್ಕು ಪಟ್ಟು ಗಾಳಿ ಖರ್ಚು. ಅದೇ ಸಿಲಿಂಡರ್ ಆಳವಿಲ್ಲದ ಕಡೆ ಒಂದು ಗಂಟೆಯಾದರೂ ಬರುತ್ತದೆ. ಒಂದು ತುಂಡು ಕಬ್ಬಿಣದ ಮುಂದೆ ಹತ್ತು ನಿಮಿಷ ನಿಲ್ಲುವ ಪುರುಸೊತ್ತು ಸಿಗುವುದು ಅಲ್ಲಿ ಮಾತ್ರ.

ಆಳವಿಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದು ತಿಳಿಯಬಾರದು. ಎಲ್ಲ ಶಾಲೆಗಳಲ್ಲೂ ಮೊದಲು ಹೇಳಿಕೊಡುವುದು ಒಂದೇ ಮಾತು, ಉಸಿರು ಕಟ್ಟಬೇಡಿ. ಹತ್ತು ಮೀಟರ್ ಕೆಳಗೆ ಶ್ವಾಸಕೋಶ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಜಾಗ ಕೇಳುತ್ತದೆ. ಬಾಯಿ ಬಿಗಿದುಕೊಂಡು ಮೇಲೆ ಚಿಮ್ಮಿದರೆ ಶ್ವಾಸಕೋಶ ಹರಿಯುತ್ತದೆ. ಮೂವತ್ತರಿಂದ ಇಪ್ಪತ್ತಕ್ಕೆ ಏರುವಾಗ ಗಾಳಿ ಹಿಗ್ಗುವುದು ಮೂರರಲ್ಲಿ ಒಂದು ಪಾಲು. ಕೊನೆಯ ಹತ್ತು ಮೀಟರಿನಲ್ಲಿ ಹಿಗ್ಗುವುದು ಇಡೀ ಒಂದು ಪಾಲು. ಅಂದರೆ ಮೇಲ್ಮೈಗೆ ಹತ್ತಿರವಾದಷ್ಟೂ ಎಚ್ಚರ ಹೆಚ್ಚು ಬೇಕು. ಈಜುಕೊಳದಲ್ಲಿ ಗುರುಗಳು ಈ ಒಂದು ಮಾತನ್ನು ಜಪದಂತೆ ಹೇಳುವುದು ಸುಮ್ಮನೆ ಅಲ್ಲ.

ಗೋವಾದ ವಾಸ್ಕೋ ಕಡೆಯಿಂದ ದೋಣಿಯಲ್ಲಿ ಹೋದರೆ ಗ್ರ್ಯಾಂಡ್ ದ್ವೀಪ ಸಿಗುತ್ತದೆ. ಅದರ ಮಗ್ಗುಲಲ್ಲಿ ಸೂಜೀಸ್ ರೆಕ್ ಎಂದು ಡೈವರ್‌ಗಳು ಕರೆಯುವ ಹಡಗಿನ ಅವಶೇಷ ಬಿದ್ದಿದೆ. ಬೆಂಗಳೂರಿನಿಂದ ಹೋದವರಲ್ಲಿ ಬಹಳ ಮಂದಿಗೆ ಅದೇ ಮೊದಲ ಮುಳುಗು ಹಡಗು, ನನಗೂ ಅದೇ. ಚಿತ್ರಗಳಲ್ಲಿ ಕಾಣುವ, ಪಟಸ್ತಂಭ ನೆಟ್ಟಗೆ ನಿಂತ ಹಡಗು ಅಲ್ಲಿಲ್ಲ. ತಟ್ಟೆ ತಟ್ಟೆಯಾಗಿ ಬಿಚ್ಚಿಕೊಂಡ ಕಬ್ಬಿಣ, ಪಕ್ಕೆಲುಬುಗಳ ಸಾಲು, ಅದರ ಮೇಲೆ ಚಿಪ್ಪು, ಪಾಚಿ, ಸ್ಪಂಜು. ಹತ್ತಿರ ಹೋಗಿ ನೋಡಿದರೆ ಚಿಪ್ಪಿನ ಪದರದಡಿ ರಿವೆಟ್ಟುಗಳ ಗುಂಡು ತಲೆಗಳು ಒಂದೇ ಅಂತರದಲ್ಲಿ ಸಾಗಿರುವುದು ಕೈಯಳತೆಯಲ್ಲಿ ಕಾಣುತ್ತದೆ. ಯಾರೋ ಕೆಲಸಗಾರ ಕಾಸಿದ ಮೊಳೆಯನ್ನು ತೂತಿಗೆ ತೂರಿಸಿ, ಈಚೆಯಿಂದ ಬಡಿದು ಕೂರಿಸಿದ್ದು. ಬೆಸುಗೆಯ ಕಾಲ ಬರುವ ಮೊದಲು ಹಡಗೊಂದರ ಮೈಯಲ್ಲಿ ಇಂಥವು ಲಕ್ಷಗಟ್ಟಲೆ ಇರುತ್ತಿದ್ದವು.

ಆಳವಿಲ್ಲದ ನೀರಿನಲ್ಲಿ ಇನ್ನೊಂದು ವಿಶೇಷವಿದೆ. ಮೇಲಿನ ಅಲೆಯ ತುಯ್ತ ತಳದವರೆಗೂ ಮುಟ್ಟುತ್ತದೆ. ಅಲೆ ಬಂದಾಗ ನೀವು, ಜೊತೆಗಾರ, ಮೀನಿನ ಹಿಂಡು, ಪಾಚಿಯ ಎಳೆ ಎಲ್ಲರೂ ಒಟ್ಟಿಗೆ ಒಂದು ಮಾರು ಆಚೆ. ಅಲೆ ಹಿಂತಿರುಗಿದಾಗ ಒಟ್ಟಿಗೆ ಈಚೆ. ಎಲ್ಲವೂ ಜೊತೆಗೇ ಹೋಗುವುದರಿಂದ ಮೀನು ನಿಂತಲ್ಲೇ ನಿಂತಂತೆಯೂ ಹಡಗೇ ಹಿಂದೆ ಮುಂದೆ ಸರಿದಂತೆಯೂ ಕಾಣುತ್ತದೆ. ರಸೆಲ್ ಮಾರುಕಟ್ಟೆಯಲ್ಲಿ ಮಂಜುಗಡ್ಡೆಯ ಮೇಲೆ ಮಲಗಿರುವುದನ್ನಷ್ಟೇ ನೋಡಿದ್ದ ಮುರು ಮೀನು ಅಲ್ಲಿ ಕಬ್ಬಿಣದ ಸಂದಿನಿಂದ ಬಾಯಿ ತೆರೆದು ಮುಚ್ಚುತ್ತ ನಮ್ಮನ್ನೇ ನೋಡುತ್ತಿರುತ್ತದೆ. ಅದರ ಮೈಯ ಚುಕ್ಕೆ ಮಾರುಕಟ್ಟೆಯಲ್ಲಿ ಕಾಣುವುದಕ್ಕಿಂತ ಎಷ್ಟೋ ಗಾಢ. ಮನೆಗೆ ಬಂದು ಮಾರುಕಟ್ಟೆಗೆ ಹೋದಾಗ ಆ ಮೀನನ್ನು ಮೊದಲಿನಂತೆ ನೋಡಲಾಗುವುದಿಲ್ಲ. ತಿನ್ನಬಾರದು ಎಂದು ನಾನು ಹೇಳುತ್ತಿಲ್ಲ. ಅದರ ಮನೆ ಎಲ್ಲಿತ್ತು ಎಂದು ಗೊತ್ತಾಗಿರುತ್ತದೆ, ಅಷ್ಟೆ.

ಚಳಿ ದೇಶಗಳಲ್ಲಿ ಮುಳುಗು ಹಡಗಿನ ಡೈವಿಂಗ್ ಒಂದು ಪರಂಪರೆಯೇ ಆಗಿದೆ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳ ನಡುವೆ ಸ್ಕಾಪಾ ಫ್ಲೋ ಎಂಬ ಕೊಲ್ಲಿ ಇದೆ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ನೌಕಾಪಡೆಯನ್ನು ಅಲ್ಲಿ ಬಂಧನದಲ್ಲಿಟ್ಟಿದ್ದರು. 1919ರ ಜೂನ್ 21ರಂದು ಜರ್ಮನ್ ನಾವಿಕರೇ ತಮ್ಮ ಹಡಗುಗಳ ತೂಬು ತೆಗೆದು ಮುಳುಗಿಸಿಬಿಟ್ಟರು. ಒಂದೇ ದಿನ 52 ಹಡಗು ತಳ ಸೇರಿದವು. ಬಹುಪಾಲನ್ನು ಮುಂದೆ ಎತ್ತಿ ಗುಜರಿಗೆ ಹಾಕಿದರು, ಉಳಿದವನ್ನು ನೋಡಲು ಇಂದಿಗೂ ಜಗತ್ತಿನ ಎಲ್ಲ ಕಡೆಯಿಂದ ಜನ ಬರುತ್ತಾರೆ. ನೀರು ಚಳಿಗಾಲದಲ್ಲಿ 10 ಡಿಗ್ರಿಗಿಂತಲೂ ಕೆಳಗೆ. ಮೈಗೆ ನೀರೇ ತಾಗದ ಡ್ರೈಸೂಟ್, ಅದರೊಳಗೆ ಉಣ್ಣೆ, ಅದೆಲ್ಲ ತೇಲಿಸದಂತೆ ಸೊಂಟಕ್ಕೆ ಇನ್ನಷ್ಟು ಸೀಸ. ನಮ್ಮ ಕರಾವಳಿಯ 27, 28 ಡಿಗ್ರಿ ನೀರಿಗೆ ಮೂರು ಮಿಲಿಮೀಟರ್ ದಪ್ಪದ ಸೂಟ್ ಸಾಕು.

ಆದರೆ ಆ ಕಡೆಯ ಕೆಲವು ಸಮುದ್ರಗಳಿಗಿರುವ ಒಂದು ವರ ನಮ್ಮ ನೀರಿಗಿಲ್ಲ. ಸ್ವೀಡನ್ನಿನ ವಾಸಾ ಎಂಬ ಯುದ್ಧನೌಕೆ 1628ರಲ್ಲಿ ಮೊದಲ ಪ್ರಯಾಣದಲ್ಲೇ, ಸ್ಟಾಕ್‌ಹೋಮ್ ಬಂದರಿನೊಳಗೇ ಮುಳುಗಿತು. 1961ರಲ್ಲಿ ಎತ್ತಿದಾಗ ಮರದ ಹಡಗು ಬಹುಮಟ್ಟಿಗೆ ಇಡಿಯಾಗಿ ಮೇಲೆ ಬಂತು, ಕೆತ್ತನೆಯ ಸಿಂಹಗಳ ಸಮೇತ. ಕಾರಣ, ಹಡಗು ಕೊರೆಯುವ ಹುಳ ಬಾಲ್ಟಿಕ್ ಸಮುದ್ರದ ಅರೆ ಉಪ್ಪು ನೀರಿನಲ್ಲಿ ಬದುಕುವುದಿಲ್ಲ. ಹುಳ ಎನ್ನುವುದು ಬಳಕೆಯ ಮಾತು. ಅದು ನಿಜಕ್ಕೂ ಕಪ್ಪೆಚಿಪ್ಪಿನ ಬಂಧು. ತಲೆಯ ತುದಿಯಲ್ಲಿರುವ ಪುಟ್ಟ ಚಿಪ್ಪಿನಿಂದ ಮರ ಅರೆಯುತ್ತ ಒಳಗೊಳಗೇ ಸುರಂಗ ತೋಡುತ್ತದೆ. ನಮ್ಮ ಬೆಚ್ಚಗಿನ ಉಪ್ಪು ನೀರೆಂದರೆ ಅದಕ್ಕೆ ಹಬ್ಬ. ಕರಾವಳಿಯವರು ದೋಣಿಯ ಮೈಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದದ್ದು ಇದರ ಕಾಟ ತಡೆಯಲೆಂದೇ. ಹಡಗು ಒಮ್ಮೆ ಮುಳುಗಿದರೆ ಎಣ್ಣೆ ಬಳಿಯುವವರು ಯಾರು? ಅರಬ್ಬಿ ಸಮುದ್ರದಲ್ಲಿ ಬಯಲಲ್ಲೇ ಬಿದ್ದ ಮರ ಹೆಚ್ಚು ದಿನ ಬಾಳುವುದಿಲ್ಲ. ಕೊನೆಗೆ ಉಳಿಯುವುದು ಕಲ್ಲು, ಫಿರಂಗಿ, ಪಿಂಗಾಣಿ ಮತ್ತು ಸುಟ್ಟ ಮಣ್ಣು.

ಈ ಸುಟ್ಟ ಮಣ್ಣಿನ ಮಾತು ಹೇಳಬೇಕೆಂದೇ ಇಷ್ಟೆಲ್ಲ ಸುತ್ತಿ ಬಂದೆ.

ಗೋವಾದ ದೋನಾ ಪೌಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಪುರಾತತ್ತ್ವಜ್ಞರು ಆ ಕರಾವಳಿಯಲ್ಲಿ ಹಲವು ಮುಳುಗು ಹಡಗುಗಳನ್ನು ಶೋಧಿಸಿದ್ದಾರೆ. ಸುಂಚಿ ರೀಫ್ ಎಂಬಲ್ಲಿ 17ನೇ ಶತಮಾನದ ಪೋರ್ಚುಗೀಸ್ ಕಾಲದ ಹಡಗು. ಅದರಲ್ಲಿ ಚೀನೀ ಪಿಂಗಾಣಿ, ಆನೆಯ ದಂತ, ನೀರುಕುದುರೆಯ ಹಲ್ಲು. ಆಮಿ ಶೋಲ್ಸ್ ಎಂಬಲ್ಲಿ ಉಗಿಹಡಗಿನ ಬಾಯ್ಲರು, ಯಂತ್ರದ ಭಾಗಗಳು. ಇವೆರಡೂ ನೋಡತಕ್ಕವೇ. ನನ್ನ ಮನಸ್ಸು ಮಾತ್ರ ಸೇಂಟ್ ಜಾರ್ಜ್ ರೀಫ್ ಎಂಬ ಮೂರನೆಯ ಜಾಗದಲ್ಲೇ ನಿಲ್ಲುತ್ತದೆ. ಅಲ್ಲಿ ಸಿಕ್ಕ ಸರಕು ಮನೆ ಕಟ್ಟುವ ಸಾಮಾನು. ಸೂರಿನ ಹೆಂಚು, ಸೂರಿನ ನೆತ್ತಿಗೆ ಹೊದಿಸುವ ಹೆಂಚು, ಚಿಮಣಿಯ ಇಟ್ಟಿಗೆ, ಕಂಬದ ತುಂಡುಗಳು, ಕೊರಿಂಥಿಯನ್ ಮಾದರಿಯ ಎಲೆಗಳನ್ನು ಅಚ್ಚೊತ್ತಿದ ಬೋದಿಗೆ, ಎಲ್ಲವೂ ಸುಟ್ಟ ಮಣ್ಣಿನವು. ಮೇಲೆ ಮುದ್ರೆ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865.

ಮಂಗಳೂರು ಹೆಂಚು! ನಮ್ಮ ತಲೆಯ ಮೇಲಿನ ಸೂರು!

ಬಾಸೆಲ್ ಮಿಷನ್ನಿನವರು ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದದ್ದು 1834ರಲ್ಲಿ, ಸ್ಯಾಪರ್‌ಗಳು ಬೆಂಗಳೂರಿಗೆ ಬಂದ ವರ್ಷವೇ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಹೊರಟದ್ದು ಅವರ ಮೋಗ್ಲಿಂಗ್ ಸಂಪಾದಕತ್ವದಲ್ಲಿ; 1894ರಲ್ಲಿ ಹೊರಬಂದ ಕಿಟ್ಟೆಲ್ ನಿಘಂಟಿನ ಹಿಂದೆ ಇದ್ದದ್ದೂ ಅವರೇ. ಅವರಲ್ಲೇ ಜಾರ್ಜ್ ಪ್ಲೆಬ್ಸ್ಟ್ ಎಂಬ ಯಂತ್ರಕುಶಲಿಯೊಬ್ಬ ಇದ್ದ. ನೇತ್ರಾವತಿಯ ದಂಡೆಯ ಜೇಡಿಮಣ್ಣು ಹೆಂಚಿಗೆ ಹೇಳಿ ಮಾಡಿಸಿದ್ದು ಎಂದು ಕಂಡುಕೊಂಡು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದವನು ಅವನು. ಒಂದರ ಅಂಚು ಇನ್ನೊಂದರ ತೋಡಿಗೆ ಕಚ್ಚಿ ಕೂರುವ ಹೆಂಚಿನ ವಿನ್ಯಾಸ ಫ್ರಾನ್ಸಿನ ಅಲ್ಸಾಸ್ ಸೀಮೆಯದು. ಕುಂಬಾರನ ನಾಡಹೆಂಚು ಮಂಗ ಹಾರಿದರೆ ಸರಿಯುತ್ತಿತ್ತು, ವರ್ಷಕ್ಕೊಮ್ಮೆ ಕೈಯಾಡಿಸಬೇಕಿತ್ತು. ಇದು ಕಚ್ಚಿಕೊಂಡು ಕೂತಿತು. ಮುಂದೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫೆರೋಕ್ ಹೀಗೆ ಕಾರ್ಖಾನೆಗಳು ಹೆಚ್ಚಿದವು. ಹೆಂಚು ಬೊಂಬಾಯಿಗೆ, ಏಡನ್ನಿಗೆ, ಆಫ್ರಿಕಾದ ಕರಾವಳಿಗೆ ಹೋಯಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಯವರೆಗೂ ದೂರದೂರಿಗೆ ಹೋಗುವ ಹೆಂಚಿಗೆ ಹಡಗು, ಪತ್ತೇಮಾರಿಗಳೇ ಗತಿ.

ಮುದ್ರೆಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. 1865 ಎಂದಿದ್ದರೆ ಆ ಹೆಂಚು ಅದೇ ವರ್ಷ ಸುಟ್ಟದ್ದು ಎಂದು ಅರ್ಥವಲ್ಲ. ಕಾರ್ಖಾನೆ ಹುಟ್ಟಿದ ವರ್ಷವನ್ನು ಮಿಷನ್ನಿನವರು ಗುರುತಾಗಿ ಇಟ್ಟುಕೊಂಡರು. ಎಷ್ಟೋ ವರ್ಷಗಳ ನಂತರ ಶುರುವಾದ ಕಲ್ಲಿಕೋಟೆ, ಫೆರೋಕ್ ಹೆಂಚುಗಳ ಮೇಲೂ ಅದೇ 1865. ಆದ್ದರಿಂದ ಸೇಂಟ್ ಜಾರ್ಜ್ ರೀಫಿನ ಹಡಗು 1865ಕ್ಕೆ ಮುಂಚಿನದಲ್ಲ ಎಂಬುದನ್ನಷ್ಟೇ ಆ ಮುದ್ರೆ ಹೇಳುತ್ತದೆ. ಹಳೆಯ ಮನೆ ಕೊಂಡವರು ಮಾಡಿನ ಮೇಲಿನ ಹೆಂಚು ತೋರಿಸಿ ಈ ಮನೆ 1865ರದು ಎಂದು ಹೇಳುವುದನ್ನು ಬೆಂಗಳೂರಿನಲ್ಲಿ ಬೇಕಾದಷ್ಟು ಕೇಳಿದ್ದೇನೆ. 1898ರ ಪ್ಲೇಗಿನ ನಂತರ ಎದ್ದ ಫ್ರೇಜರ್ ಟೌನಿನಲ್ಲಿ ಹಾಗೆ ಹೇಳಿದರೆ ಹೇಗೆ ಒಪ್ಪುವುದು!

ದಂಡು ಪ್ರದೇಶದ ಬಂಗಲೆಗಳಿಗೂ ಈ ಸರಕಿಗೂ ಇರುವ ನಂಟು ಗಮನಿಸಿ. ಮಾಡಿಗೆ ಮಂಗಳೂರು ಹೆಂಚು, ಚಳಿಗೆ ಒಲೆಗೂಡು, ಅದಕ್ಕೆ ಚಿಮಣಿ, ಮುಂದೆ ಗ್ರೀಕ್ ಕಂಬದ ಮೊಗಸಾಲೆ. ಕಾಕ್ಸ್ ಟೌನ್, ಕುಕ್ ಟೌನ್, ರಿಚರ್ಡ್ಸ್ ಟೌನ್‌ಗಳಲ್ಲಿ ಇಂಥ ಮನೆಗಳು ಬೀದಿಗೊಂದೆರಡಾದರೂ ಉಳಿದಿವೆ. ಸೇಂಟ್ ಜಾರ್ಜ್ ರೀಫಿನಲ್ಲಿ ಇರುವುದು ಇಂಥದೇ ಕಟ್ಟಡಗಳ ಬಿಡಿಭಾಗ. ಯಾವ ಊರಿಗೋ ಹೊರಟಿದ್ದ ಸೂರು, ಕಂಬ, ಚಿಮಣಿ ದಾರಿಯಲ್ಲೇ ನಿಂತುಬಿಟ್ಟವು. ಮಣ್ಣಿನಲ್ಲಿ ಅಚ್ಚೊತ್ತಿದ ಬೋದಿಗೆಯ ಚಿತ್ರ ನೋಡಿದ ಮೇಲೆ ಹಲಸೂರಿನ ಸೋಮೇಶ್ವರನ ಗುಡಿಗೆ ಹೋದಾಗ ನಾನು ಕಲ್ಲಿನ ಬೋದಿಗೆಗಳ ಕಡೆಗೆ ತಲೆ ಎತ್ತಿ ಬಹಳ ಹೊತ್ತು ನಿಂತಿದ್ದೆ. ಉಳಿಯಲ್ಲಿ ಒಂದೊಂದೇ ಕಡೆದವು ಇವು. ಅವು ಒಂದೇ ಅಚ್ಚಿನಿಂದ ನೂರಾರು. ಎರಡನ್ನೂ ಮಾಡಿದ ಕೈಗಳು ಈ ನಾಡಿನವೇ.

ಹಳೆಯ ಬಂಗಲೆ ಕೆಡವಿದಾಗ ಹೆಂಚು ಹೋಗುವುದು ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಗೆ. ಅಂಥ ಒಂದು ಅಂಗಡಿಯ ಹಿಂಭಾಗದಲ್ಲಿ ಬಾಗಿಲು, ಕಿಟಕಿ, ತೊಲೆಗಳ ನಡುವೆ ಹೆಂಚು ನೆಟ್ಟಗೆ ಜೋಡಿಸಿಟ್ಟಿತ್ತು. ಒಂದನ್ನು ಎತ್ತಿಕೊಂಡೆ. ಹದಿನಾರು ಇಂಚು ಉದ್ದ, ಹತ್ತಿಂಚು ಅಗಲವಿದ್ದೀತು. ಎರಡೂವರೆ ಕಿಲೋದ ಆಸುಪಾಸು. ಮೇಲ್ಮೈ ಮಳೆಗೆ ಕಪ್ಪಾಗಿತ್ತು, ತಿರುವಿದರೆ ಅಡಿಭಾಗ ಇನ್ನೂ ನಸುಗೆಂಪು. ರೀಪಿಗೆ ಸಿಕ್ಕಿಸುವ ಎರಡು ಗುಬ್ಬಿ, ತಂತಿ ಕಟ್ಟಲು ಸಣ್ಣ ತೂತು. ಅಕ್ಷರಗಳ ಗುಳಿಯಲ್ಲಿ ಒಲೆಯ ಮಸಿ ಕೂತಿತ್ತು. ಅಂಗಡಿಯ ಸಾಬರು ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿದರು. “ಕೇಳಿ ಸಾರ್. ಟಣ್ ಅಂದ್ರೆ ಒಳ್ಳೇ ಮಾಲು, ಡಬ್ ಅಂದ್ರೆ ಒಳಗೆ ಬಿರುಕು. ಇದು ಅಜ್ಜನ ಕಾಲದ್ದು, ಇನ್ನೂ ನೂರು ವರ್ಷ ಬರುತ್ತೆ.”

ನೂರು ವರ್ಷ ಮಳೆ ಕಂಡ ಹೆಂಚು ಟಣ್ ಎನ್ನುತ್ತದೆ, ನೂರು ವರ್ಷ ಉಪ್ಪು ಕುಡಿದ ಹೆಂಚಿನ ಕಥೆ ಬೇರೆ. ಸಮುದ್ರದ ತಳದಲ್ಲಿ ಅದು ಗಟ್ಟಿಯಾಗಿಯೇ ಇರುತ್ತದೆ. ನೀರಿನೊಳಗೆ ಎತ್ತಿದರೆ ತೂಕವೂ ಅರ್ಧದಷ್ಟೇ ಅನ್ನಿಸುತ್ತದೆ, ಚೀಲಕ್ಕೆ ಹಾಕಿಕೊಳ್ಳಲು ಸುಲಭ. ಮೇಲೆ ತಂದು ಬಿಸಿಲಿಗಿಟ್ಟರೆ ಅದರ ರಂಧ್ರಗಳಲ್ಲಿದ್ದ ಉಪ್ಪು ಹರಳುಗಟ್ಟಿ ಒಳಗಿನಿಂದ ಒತ್ತುತ್ತದೆ. ಮೇಲ್ಪದರ ಹಪ್ಪಳೆಯೇಳುತ್ತದೆ, ಮುದ್ರೆಯ ಅಕ್ಷರವೇ ಮೊದಲು ಉದುರುತ್ತದೆ. ಕಬ್ಬಿಣದ ಗತಿ ಇನ್ನೂ ಕೆಟ್ಟದ್ದು. ಪ್ರಯೋಗಾಲಯದಲ್ಲಿ ಸಿಹಿನೀರು ಬದಲಿಸುತ್ತ ತಿಂಗಳುಗಟ್ಟಲೆ ನೆನೆಹಾಕಿ ಉಪ್ಪು ತೆಗೆದರಷ್ಟೇ ಅಂಥ ವಸ್ತು ಬಾಳುತ್ತದೆ. ಇಂದಿರಾನಗರದ ಫ್ಲಾಟಿನ ಷೋಕೇಸಿನಲ್ಲಿ ಇಟ್ಟರೆ ಕೆಲವೇ ವರ್ಷಗಳಲ್ಲಿ ಅದು ಪುಡಿ.

ಆಳದ ಹಡಗನ್ನು ಆಳವಾದರೂ ಅಷ್ಟಿಷ್ಟು ಕಾಯುತ್ತದೆ ಎಂದುಕೊಂಡಿದ್ದೆವು. ಅದೂ ಸುಳ್ಳಾಯಿತು. 1942ರ ಜಾವಾ ಸಮುದ್ರದ ಕಾಳಗದಲ್ಲಿ ಮುಳುಗಿದ ಮೂರು ಡಚ್ ಯುದ್ಧನೌಕೆಗಳನ್ನು 2016ರಲ್ಲಿ ನೋಡಲು ಹೋದವರಿಗೆ ಎರಡು ಪೂರ್ತಿಯಾಗಿ ಮಾಯವಾಗಿದ್ದು ಕಂಡಿತು, ಮೂರನೆಯದರ ದೊಡ್ಡ ಪಾಲು ಇರಲಿಲ್ಲ. ನಾವಿಕರ ಸಮಾಧಿಗಳೆಂಬ ಗೌರವವೂ ಇಲ್ಲದೆ ಗುಜರಿ ಲೋಹಕ್ಕಾಗಿ ಎತ್ತಿ ಮಾರಿಬಿಟ್ಟಿದ್ದರು. ಯುದ್ಧನೌಕೆಗೇ ಈ ಗತಿಯಾದರೆ, ಯಾರು ಬೇಕಾದರೂ ಇಳಿದು ಮುಟ್ಟಬಹುದಾದ ನೀರಿನಲ್ಲಿ ಬಿದ್ದಿರುವ ಹೆಂಚಿಗೆ ಯಾವ ಕಾವಲು? ನಮ್ಮಲ್ಲಿ 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ವಸ್ತು ಪುರಾವಸ್ತು. ನೀರಿನಡಿಯ ಪರಂಪರೆಯ ರಕ್ಷಣೆಗೆ ಯುನೆಸ್ಕೋ 2001ರಲ್ಲಿ ಒಂದು ಒಡಂಬಡಿಕೆ ಮಾಡಿತು, ವಸ್ತು ಇರುವಲ್ಲೇ ಇರಲಿ ಎಂಬುದು ಅದರ ಮೊದಲ ಆಯ್ಕೆ. ಕಾಯ್ದೆಗಳು ಇರಲಿ, ಬೇಕು. ಆದರೆ ಕಡಲ ತಳದಲ್ಲಿ ಪೊಲೀಸರು ನಿಂತಿರುವುದಿಲ್ಲ. ಅಲ್ಲಿ ಇಳಿಯುವವರೇ ಕಾಯಬೇಕು.

ಕಡಲಡಿಯ ಪುರಾತತ್ತ್ವದ ಕೆಲಸಕ್ಕೆ ನಮ್ಮ ದೇಶದಲ್ಲಿ ಅಡಿಪಾಯ ಹಾಕಿದವರು ಒಬ್ಬ ಕನ್ನಡಿಗರು ಎಂಬುದು ಎಷ್ಟು ಜನಕ್ಕೆ ನೆನಪಿದೆಯೋ. ಶಿಕಾರಿಪುರ ರಂಗನಾಥ ರಾವ್, ಎಸ್. ಆರ್. ರಾವ್ ಎಂದೇ ಹೆಸರಾದವರು, ಹುಟ್ಟಿದ್ದು 1922ರಲ್ಲಿ. ಗುಜರಾತಿನ ಲೋಥಲ್‌ನಲ್ಲಿ ಹರಪ್ಪ ಕಾಲದ ನೆಲೆಯನ್ನು ಅಗೆದು ತೆಗೆದವರು. ಪುರಾತತ್ತ್ವ ಇಲಾಖೆಯ ಸೇವೆ ಮುಗಿದ ಮೇಲೆ, ಬೇರೆಯವರು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ, 1981ರಲ್ಲಿ ಗೋವಾದ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ತ್ವದ ವಿಭಾಗ ಶುರುಮಾಡಿದರು. ದ್ವಾರಕೆಯ ತೀರದ ಶೋಧ ಅವರ ಮುಂದಾಳುತನದಲ್ಲೇ ನಡೆಯಿತು. ಅವರ ಕೆಲವು ತೀರ್ಮಾನಗಳ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ, ಇರಲಿ. ಅಗೆಯುವ ವಿದ್ವಾಂಸರು ಡೈವಿಂಗ್ ಕಲಿಯಬೇಕು, ನೀರಿನೊಳಗೇ ಹಗ್ಗ ಹಿಡಿದು ಅಳೆಯಬೇಕು, ಗೆರೆ ಎಳೆದು ಚಿತ್ರಿಸಬೇಕು ಎಂಬ ಶಿಸ್ತು ಈ ದೇಶದಲ್ಲಿ ಬೇರೂರಿದ್ದು ಅವರಿಂದ. ಗೋವಾದ ಮುಳುಗು ಹಡಗುಗಳನ್ನು ಅಳೆದವರು ಆ ವಿಭಾಗದವರೇ. ರಾವ್ ಅವರು 2013ರ ಜನವರಿ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಈ ಊರಿನ ಡೈವಿಂಗ್ ತರಗತಿಗಳಲ್ಲಿ ಮೊದಲ ದಿನ ಅವರ ಹೆಸರು ಹೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮುಳುಗು ಹಡಗು ಎಂದರೆ ನೋಡಲು ಹೋಗುವವರಿಗೆ ರೋಮಾಂಚನ, ದಡದವರಿಗೆ ಆತಂಕ. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಎಂಬ ಸರಕು ಹಡಗು ಮುಳುಗಿತು. ಸಿರಿಯಾದ 15 ನಾವಿಕರನ್ನು ಕೋಸ್ಟ್ ಗಾರ್ಡ್‌ನವರು ಜೀವಂತವಾಗಿ ತಂದರು. ಹೊಟ್ಟೆಯಲ್ಲಿ ಎಂಟು ಸಾವಿರ ಟನ್ ಉಕ್ಕಿನ ಸುರುಳಿ, ಟ್ಯಾಂಕಿನಲ್ಲಿ ಎಣ್ಣೆ. ಆ ಮಳೆಗಾಲವಿಡೀ ಮೀನುಗಾರರು ಎಣ್ಣೆ ಸೋರೀತೇ ಎಂದು ನೀರು ನೋಡುತ್ತ ಕೂತರು. ಡೈವರ್‌ಗಳು ಇದನ್ನೂ ತಿಳಿದಿರಬೇಕು.

ಇನ್ನು ಮನೆಗೆ ಮರಳುವ ಮಾತು. ಬೆಂಗಳೂರಿನವರಿಗೆ ಇದು ಬೇರೆಲ್ಲರಿಗಿಂತ ಮುಖ್ಯ. ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗುತ್ತದೆ. ಅದು ಮೆಲ್ಲಗೆ ಹೊರಬರುವ ಮುಂಚೆಯೇ ಸುತ್ತಲ ಒತ್ತಡ ಇಳಿದರೆ, ಗೋಲಿ ಸೋಡಾದ ಗೋಲಿ ಒತ್ತಿದಂತೆ, ಮೈಯೊಳಗೆ ಗುಳ್ಳೆ ಏಳುತ್ತದೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನು ಬೇಕಾದರೂ ಆಗಬಹುದು. ಎಷ್ಟು ನಿಧಾನವಾಗಿ ಮೇಲೆ ಬರಬೇಕು ಎಂಬ ಪಟ್ಟಿಯನ್ನು ಮೇಕೆಗಳ ಮೇಲೆ ಪ್ರಯೋಗ ಮಾಡಿ 1908ರಲ್ಲಿ ಕೊಟ್ಟವರು ಜೆ. ಎಸ್. ಹಾಲ್ಡೇನ್. ಅವರ ಮಗ ಜೆ. ಬಿ. ಎಸ್. ಹಾಲ್ಡೇನ್ ಯುದ್ಧಕಾಲದಲ್ಲಿ ಒತ್ತಡದ ಕೋಣೆಯಲ್ಲಿ ತಾವೇ ಕೂತು ಪ್ರಯೋಗ ಮಾಡಿಕೊಂಡ ಮಹಾನುಭಾವರು. 1957ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಪ್ರಜೆಯೇ ಆಗಿ 1964ರಲ್ಲಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದರು.

ಒಂದೇ ಡೈವ್ ಮಾಡಿದವರು ವಿಮಾನ ಹತ್ತಲು ಕಡಿಮೆಯೆಂದರೆ 12 ಗಂಟೆ ಕಾಯಬೇಕು, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ. ಇದನ್ನು ಎಲ್ಲರೂ ಹೇಳಿಕೊಡುತ್ತಾರೆ. ಘಟ್ಟದ ವಿಷಯ ಹಲವರಿಗೆ ಹೊಳೆಯುವುದಿಲ್ಲ. ವಿಮಾನದೊಳಗಿನ ಒತ್ತಡದ ಲೆಕ್ಕ ಶುರುವಾಗುವುದೇ 600 ಮೀಟರ್ ಎತ್ತರದಿಂದ. ಸಕಲೇಶಪುರ ಅದಕ್ಕಿಂತ ಎತ್ತರ, ಬೆಂಗಳೂರೂ ಎತ್ತರ. ಬೆಳಿಗ್ಗೆ ನೇತ್ರಾಣಿಯಲ್ಲಿ ಎರಡು ಸಲ ಮುಳುಗಿ, ಊಟ ಮುಗಿಸಿ, ಸೋಮವಾರದ ಆಫೀಸಿಗೆಂದು ಕಾರಿನಲ್ಲಿ ಘಟ್ಟ ಹತ್ತಿದರೆ ಅದೂ ವಿಮಾನ ಹತ್ತಿದಂತೆಯೇ ಲೆಕ್ಕ. ವಾಸ್ಕೋದಲ್ಲಂತೂ ದಾಬೋಳಿ ವಿಮಾನ ನಿಲ್ದಾಣ ಕೂಗಳತೆಯಲ್ಲೇ ಇದೆ, ಆಸೆ ಆಗುತ್ತದೆ. ಒಂದು ರಾತ್ರಿ ಕರಾವಳಿಯಲ್ಲೇ ಮಲಗಿ. ಮೀನೂಟ ಚೆನ್ನಾಗಿರುತ್ತದೆ, ಒಂದು ದಿನದ ರಜೆ ಹೆಚ್ಚು ಕೇಳಿದರೆ ಯಾವ ಕೆಲಸವೂ ಮುಳುಗುವುದಿಲ್ಲ.

ಅಕ್ಟೋಬರ್ ಬಂತೆಂದರೆ ಕಡಲು ತಿಳಿಯಾಗುತ್ತದೆ, ಮೇವರೆಗೂ ದೋಣಿಗಳು ಹೋಗುತ್ತವೆ. ಹೋಗಿ ಬನ್ನಿ. ಹಡಗಿನ ಮೇಲೆ ಕಾಲೂರಬೇಡಿ, ಫಿನ್ ಬಡಿಯಬೇಡಿ, ಅಲ್ಲಿನದು ಒಂದು ಚೂರನ್ನೂ ಎತ್ತಿಕೊಳ್ಳಬೇಡಿ. ಅಕ್ಷರವಿರುವ ಇಟ್ಟಿಗೆಯೋ ಹೆಂಚೋ ಕಂಡರೆ ಇದ್ದಲ್ಲೇ ಫೋಟೋ ತೆಗೆದು, ಆಳವನ್ನೂ ಜಾಗವನ್ನೂ ಬರೆದುಕೊಂಡು ದೋನಾ ಪೌಲಾದ ಸಂಸ್ಥೆಗೆ ತಿಳಿಸಿ. ಮತ್ತೆ ನಮ್ಮ ಕಾಕ್ಸ್ ಟೌನ್, ಕುಕ್ ಟೌನ್‌ಗಳಲ್ಲಿ ಯಾರಾದರೂ ಹಳೆಯ ಮನೆ ಇಳಿಸುತ್ತಿದ್ದರೆ ಹೆಂಚನ್ನು ಒಡೆದು ಗುಂಡಿ ತುಂಬಿಸಲು ಬಿಡಬೇಡಿ. ಶಿವಾಜಿನಗರದ ಅಂಗಡಿಗಾದರೂ ಕಳಿಸಿ. ಅದಕ್ಕೆ ಇನ್ನೊಂದು ಮನೆಯ ಸೂರಾಗುವ ಕಸುವು ಇನ್ನೂ ಇದೆ.